ಎಡಗಡಿ ಗೆರಿ

ನಮ್ಮಣ್ಣನ ಹೆಸರು ಮುದುಕಪ್ಪ.
ಮುಂಚಿನ ಮೂರು ಕೂಸು ತೊಟ್ಟಿಲದಾಗs ಹೋದವು,
ಇದರೆ ಮುದುಕ ಆಗೂತನಕ ಬಾಳಲಿ ಅಂತ
ಆಯಿ ಇಟ್ಟ ಹೆಸರು.
ವಾಸ್ಕೋದಾಗ ಅದು ಯಾರ ನಾಲಿಗಿಗೂ ಹೊಳ್ಳಲಿಲ್ಲ.
ಸ್ಕೋರ್ ಶೀಟಿನ್ಯಾಗ ಅಂವ ಒಮ್ಮೆ ಮುಡ್ಡು, ಒಮ್ಮೆ ಮೂಡಾ,
ಒಂದು ವರ್ಷ ಪೂರ್ತಿ ಬರೇ ನಂಬರ್ ಮೂರು.

ಬೈನಾದ ದಂಡಿ ಮ್ಯಾಲೆ ಬರಿಗಾಲಿಲೆ ಆಡತಿದ್ದ.
ಗೋಲ್‌ಕೀಪರ್ ಹುಡುಕ್ಕೋತ ಬಂದ ಕಾಯ್ತಾನ್ ಮಾಸ್ತರ
ಲೆಫ್ಟ್ ಬ್ಯಾಕ್ ಕರಕೊಂಡು ಹೋದ.
ಉಸುಕಿನ್ಯಾಗ ಓಡಿದ ಕಾಲು
ಮಣ್ಣಿನ್ಯಾಗ ಹಾರತಾವು ಅಂದನಂತ.
ಕರಾರು: ಬಸ್ ಚಾರ್ಜು, ಒಂದು ಜೋಡಿ ಬೂಟು,
ಆಟ ಮುಗದ ಮ್ಯಾಲೆ ಪಾವು.
ಉಳದವರು ಪಾವಿನ್ಯಾಗ ಚೊರೀಸ್ ತುಂಬಕೊಂಡ್ರ
ಕೊರಳಾಗ ಲಿಂಗ ಇದ್ದ ಇಂವ
ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಸವರಿಕೊಂಡು ತಿಂದ.
ಎರಡನೇ ವರ್ಷಕ್ಕ ಅರ್ಧಾ ಟೀಮು
ಚಟ್ನಿ ಬೇಡಾಕ ಹತ್ತಿತ್ತು.

ವಾರೆಲ್ಲಾ ಹಡಗಿನ ತುಕ್ಕು ಕೆರಿಯೂ ಕೆಲಸ.
ಆಯಿತವಾರ ಸಾಷ್ಟಿ ಕಡೆ ಯಾವುದರೆ ಊರು,
ಸುಗ್ಗಿ ಮುಗದ ಗದ್ದಿ, ಗೋಲ್ ಕಂಬದ ಹಿಂದ ಇಗರ್ಜಿ,
ಗೆರಿ ಗುಂಟ ನಿಂತ ಮಂದಿ.
ಥ್ರೋ ಹಾಕಾಕ ಹೋದ್ರ ಬೆನ್ನಿಗೆ ಬರತಿತ್ತು: ಏ ಘಾಂಟಿ!
ಲೆಫ್ಟ್ ಬ್ಯಾಕ್‌ನ ಹಣೆಬರಹ,
ಅರ್ಧಾ ಆಯುಷ್ಯ ಮಂದಿ ಬಾಯಿ ಮಗ್ಗಲದಾಗ.
ಹತ್ತು ವರ್ಷ ಒಂದs ಊರಿಗೆ ಆಡಿದ ಮ್ಯಾಲೆ
'ನಮ್ಮ ಘಾಂಟಿ' ಅಂದ್ರಂತ.
ಮನಿಗೆ ಬಂದು ನಕ್ಕೋತ ಹೇಳಿದ.
ನಾ ನಗಲಿಲ್ಲ.

ಗೋಲು ಎಷ್ಟು ಹೊಡದಾನ ನಿಮ್ಮಣ್ಣ?
ನನ್ನ ಗಂಡ ಕೇಳತಿದ್ದ, ಬೇಕಂತ.
ಒಂದು.
ಅದೂ ಸೆಂಟರ್‌ಗೆ ಅಂತ ಎತ್ತಿದ್ದು,
ಗಾಳಿ ಹೊಡದದ್ದು ಅಂತ ತಾನs ಒಪ್ಪತಿದ್ದ.

ಹನ್ನೊಂದನೇ ವರ್ಷ ಟೀಮು ಮ್ಯಾಲಿನ ಡಿವಿಜನ್ನಿಗೆ ಏರಿತು.
ಕಡೀ ಮ್ಯಾಚಿನ್ಯಾಗ ಗೋಲ್ ಗೆರಿ ಮ್ಯಾಲಿಂದ
ತಲಿ ಕೊಟ್ಟು ಒಂದು ಚೆಂಡು ತಗದಿದ್ದ,
ಹುಬ್ಬಿಗೆ ನಾಕು ಹೊಲಗಿ.
ಬ್ಯಾಂಡು, ಪಟಾಕಿ, ಟೆಂಪೋದಾಗ ಮೆರವಣಿಗಿ.
ಮಳಿಗಾಲದಾಗ ದುಡ್ಡು ಬಂತು,
ದುಡ್ಡಿನ ಹಿಂದ ಕೊಲ್ಕತ್ತಾದಿಂದ ಒಬ್ಬ ಲೆಫ್ಟ್ ಬ್ಯಾಕ್.
ಏರಿಸಿದವ ಬೆಂಚಿನ ಮ್ಯಾಲೆ ಕುಂತ,
ನೀರಿನ ಬಾಟ್ಲಿ ಎಣಸ್ಕೋತ.
ಒಂದs ವರ್ಷ. ಟೀಮು ಹೊಳ್ಳಿ ಬಿತ್ತು,
ಕೊಲ್ಕತ್ತಾದಂವ ರೈಲು ಹತ್ತಿದ,
ಮಾಸ್ತರ ನಮ್ಮ ಓಣ್ಯಾಗ ಸ್ಕೂಟರ್ ನಿಲ್ಲಿಸಿ
ಇಳೀಲಾರದs 'ಬಾ' ಅಂದ.
ಇಂವ ಹೋದ.
ಸಿಟ್ಟಿಲ್ಲೇನೋ ನಿನಗ? ಅಂದೆ.
ಹಡಗಿಗೆ ತುಕ್ಕು ಹಿಡೀತೈತಿ,
ಸಿಟ್ಟು ಮಾಡತಾರೇನ ಅದಕ್ಕ, ಅಂದ.

ಆಮ್ಯಾಲಿನ ಏಳು ವರ್ಷದಾಗ ಹೇಳೂವಂಥಾದ್ದು ಏನೂ ಇಲ್ಲ.
ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು.
ಹೆಸರಿಗೆ ತಕ್ಕಂಗ ಗಡ್ಡದಾಗ ಬಿಳಿ.
ಬಿಟ್ಟೆ ಅಂತ ಅಂವ ಅನ್ನಲಿಲ್ಲ,
ಬರಬ್ಯಾಡ ಅಂತ ಅವರು ಅನ್ನಲಿಲ್ಲ.
ಮಳಿ ನಿಂತ ಮ್ಯಾಲೆ ಬೂಟಿಗೆ ಕೊಬ್ರಿ ಎಣ್ಣಿ ಹಚ್ಚಿ
ಹೊಸ್ತಲದಾಗ ಇಟ್ಟ.
ಫೋನು ಬರಲಿಲ್ಲ.
ಎಣ್ಣಿ ಎಲ್ಲಾ ಬೂಟs ಕುಡೀತು.

ಕ್ರಿಸ್‌ಮಸ್ ಹಿಂದಿನ ವಾರ ಬಂತು:
ಸುಣ್ಣ ಎಳಿಯೂ ಹುಡುಗ ಕೈ ಕೊಟ್ಟಾನ, ಬರತೀ ಏನು?
ನಾನೂ ಹೋದೆ. ಇಷ್ಟು ವರ್ಷ ಅಂಗಿಗೆ ಹತ್ತಿದ ಮಣ್ಣು ತೊಳದಾಕಿ
ಮೈದಾನ ನೋಡಿದ್ದು ಆವತ್ತs.
ಬಲಗಡಿ ಗೆರಿ ಹಗ್ಗ ಹಿಡದು ಎಳದ,
ಸೂಜಿಯಂಥಾ ಗೆರಿ.
ಎಡಕ್ಕ ಬಂದಾಗ ಹಗ್ಗ ಸುತ್ತಿ ಬಗಲಾಗ ಇಟಗೊಂಡು
ಬರೇ ಕಾಲಿನ ನೆಪ್ಪಿನ ಮ್ಯಾಲೆ ನಡದ.
ಅರ್ಧಾ ಮೈದಾನದ ಹತ್ರ ಗೆರಿ
ಒಂದು ಗೇಣು ಹೊರಗ ಬಾಗಿತು.

ಸೊಟ್ಟ ಆತಲ್ಲೋ ಮುದುಕಾ, ಅಂದೆ.
ಇಲ್ಲಿ ತಗ್ಗೈತಿ, ಅಂದ,
ಚೆಂಡು ಯಾವಾಗಲೂ ಹೊರಗ ಹೋಗತಿತ್ತು.

ಲೈನ್ಸ್‌ಮನ್ ಹುಡುಗ ಬಂದು ನೋಡಿದ, ಬಗ್ಗಿ ನೋಡಿದ,
ಅಣ್ಣನ ಮಾರಿ ನೋಡಿದ.
ಆಟ ಸುರು ಆದ ಮ್ಯಾಲೆ
ಆ ಸೊಟ್ಟಿನ ಗುಂಟನs ಓಡಿದ.